ಎಪ್ಪತ್ತೆರಡರಲ್ಲೊಂದು ಪಾಲು

ಹಗಲೆಲ್ಲ ಹಲ್ಲು.
ಹಾಸನದ ಸಾಲಗಾಮೆ ರಸ್ತೆ, ಝೆರಾಕ್ಸ್ ಅಂಗಡಿಯ ಮೇಲಿನ ಮಹಡಿ,
ಮೂರು ಡಾಕ್ಟರರಿಗೆ ನಾನೊಬ್ಬನೇ ಹಲ್ಲು ಕಟ್ಟುವವನು.
ರಾತ್ರಿ ಎಂಟರ ಮೇಲೆ ಅದೇ ಮೇಜು, ಅದೇ ದೀಪ,
ಅದೇ ಸೊನ್ನೆ ನಂಬರಿನ ಕುಂಚ.
ಆದರೆ ವಿಮಾನ.

ಪೆಟ್ಟಿಗೆ ಬಿಚ್ಚಿದ ದಿನ ಇರ್ಷಾದ್ ನಕ್ಕ:
"ಅಣ್ಣಾ, ರೆಕ್ಕೆ ಹಿಂದುಮುಂದಾಗಿದೆ, ವಾಪಸ್ ಕಳಿಸಿ."
ಇಲ್ಲ ಕಣೋ, ಅದು ಇರುವುದೇ ಹಾಗೆ.
ಗಾಳಿಗೆ ಹೆದರಿ ಹಿಂದಕ್ಕೆ ಮಡಿಯಬೇಕಾದ ರೆಕ್ಕೆ
ಮುಂದಕ್ಕೆ ಚಾಚಿಕೊಂಡಿದೆ
ತಟ್ಟೆಗೆ ಕೈಯೊಡ್ಡಿದ ಮಗುವಿನ ಹಾಗೆ.
ಎರಡೇ ಎರಡು ಕಟ್ಟಿಸಿದರಂತೆ,
ಹಾರೀತೇ ಎಂದು ನೋಡಲು. ಹಾರಿತು.
ನೋಡಿದರು, ಬರೆದುಕೊಂಡರು, ಒಳಗಿಟ್ಟರು.
ಯುದ್ಧಕ್ಕೆಂದು ಯೋಚಿಸಿದ್ದು, ಒಂದು ಗುಂಡೂ ಹೊತ್ತದ್ದಿಲ್ಲ.

ತನ್ನಷ್ಟಕ್ಕೆ ಬಿಟ್ಟರೆ ಕಣ್ಣು ಮಿಟುಕಿಸುವುದರಲ್ಲಿ ಮಗುಚುವ ಜಾತಿ.
ಒಳಗಿನ ಕಂಪ್ಯೂಟರು ಸೆಕೆಂಡಿಗೆ ನಲವತ್ತು ಸಲ
ತಿದ್ದುತ್ತಿತ್ತಂತೆ ಅದನ್ನು.
ನಲವತ್ತು!
"ಎಡಗಡೆ ಚುಚ್ಚುತ್ತೆ ಸ್ವಾಮಿ" ಅಂತ ಸೆಟ್ಟು ಕೈಯಲ್ಲಿ ಹಿಡಿದು
ಹೆಚ್ಚೆಂದರೆ ನಾಲ್ಕು ಸಲ ಬರುತ್ತಾರೆ ನಮ್ಮ ಜನ.
ಐದನೆಯ ಸಲದ ಹೊತ್ತಿಗೆ ಚುಚ್ಚುವುದಕ್ಕೇ ಒಗ್ಗಿರುತ್ತಾರೆ.

ಮೂತಿ ಹಗುರ. ಭಾರ ತುಂಬದಿದ್ದರೆ ಬಾಲದ ಮೇಲೆ ಕೂತುಬಿಡುತ್ತದೆ.
ಎಕ್ಸ್‌ರೇ ಫಿಲ್ಮಿನ ಪೊಟ್ಟಣದೊಳಗೆ ತೆಳ್ಳನೆ ಸೀಸದ ಹಾಳೆ ಇರುತ್ತೆ;
ಡಾಕ್ಟರ್ ಪೂರ್ಣಿಮಾ ಬಿಸಾಡುವುದನ್ನು
ನಾನು ಹಾರ್ಲಿಕ್ಸ್ ಬಾಟಲಿಯಲ್ಲಿ ಕೂಡಿಟ್ಟಿದ್ದೇನೆ.
ಒಂದೊಂದೂ ಯಾರದೋ ಬಾಯೊಳಗೆ
ಒಂದು ಗಳಿಗೆ ನಿಂತು ಬಂದದ್ದು.
ಮಡಿಸಿ, ಉಂಡೆ ಮಾಡಿ, ಅಂಟು ಹಚ್ಚಿ ತುರುಕಿದೆ.
ಅರಸೀಕೆರೆಯ, ಆಲೂರಿನ, ಹೊಳೆನರಸೀಪುರದ ಹಲ್ಲುನೋವೆಲ್ಲ
ಈಗ ಪೈಲಟ್ಟಿನ ಪಾದದ ಮುಂದೆ ಕುಳಿತಿದೆ.

ತೊಂದರೆ ಶುರುವಾದದ್ದು ಬಣ್ಣದಲ್ಲಿ.
ಬಿಳಿ ಎಂದಿದೆ, ಅಷ್ಟೆ.
ಬಿಳಿ ಅಂದರೆ ಯಾವ ಬಿಳಿ?
ನನ್ನ ಪಟ್ಟಿಯಲ್ಲಿ ಹದಿನಾರಿವೆ.
ಎಲೆಯಡಿಕೆ ಬಿಟ್ಟವರ ಬಿಳಿ, ಬಿಡುತ್ತೇನೆಂದವರ ಬಿಳಿ,
ಕಾಫಿಯ ಬಿಳಿ, ಬೀಡಿಯ ಬಿಳಿ,
ಮದುವೆಗೆ ವಾರವಿರುವಾಗ ಬಂದು ಕೇಳುವ
ಯಾರ ಬಾಯಲ್ಲೂ ಹುಟ್ಟದ ಬಿಳಿ.
ರೆಕ್ಕೆಯ ಪಕ್ಕ ಒಂದೊಂದೇ ಹಲ್ಲು ಹಿಡಿದು ನೋಡಿದೆ.
ತೀರಾ ಬಿಳಿಯಾದರೆ ಆಟದ ಸಾಮಾನು.
ಎರಡು ತೊಟ್ಟು ಹಳದಿ, ಸೂಜಿಮೊನೆಯಷ್ಟು ಬೂದಿ.
ಆಗ ಮೈ ಬಂತು.

ಪಕ್ಕೆಗೆ ಕೆಂಪು ಗೆರೆ ಎಳೆಯುತ್ತಿದ್ದೆ, ಉಸಿರು ಕಟ್ಟಿ,
ಕರೆಂಟು ಹೋಯಿತು.
ಇರ್ಷಾದನ ಮೊಬೈಲ್ ಬೆಳಕು ತಡವರಿಸುತ್ತ
ಮೇಲಿನ ಹಲಗೆಗೆ ತಾಗಿತು. ಅಲ್ಲಿ, ಲೋಟದ ನೀರಲ್ಲಿ,
ಶಾಂತಿಗ್ರಾಮದ ಕೆಂಚೇಗೌಡರ ಸೆಟ್ಟು.

ಮೂರು ವರ್ಷವಾಯಿತು.
ಮೇಣದ ಮೇಲೆ ಹಲ್ಲು ಜೋಡಿಸಿ ಬಾಯಿಗಿಟ್ಟು
"ಏನಾದರೂ ಮಾತಾಡಿ ಗೌಡರೇ" ಅಂದಿದ್ದೆ.
ಸರೋಜಾ, ಅಂದರು. ಸೀಟಿ ಹೊಡೆದ ಹಾಗೆ ಬಂತು.
ಮುಂದಿನ ಎರಡನ್ನು ಕೂದಲೆಳೆ ಒಳಗೆ ತಳ್ಳಿದೆ.
ಸರೋಜಾ, ಅಂದರು ಮತ್ತೆ,
ಕೋಣೆಯಲ್ಲಿ ಆಕೆ ಇದ್ದಾಳೇನೋ ಎಂದು ನಾನು ತಿರುಗಿ ನೋಡಿದೆ.
ಸೋಮವಾರ ಬಂದು ಒಯ್ಯುವುದಿತ್ತು.
ಭಾನುವಾರ ಅಳಿಯನ ಫೋನು: "ಇನ್ನು ಬೇಡ ಬಿಡಿ.
ಅಡ್ವಾನ್ಸು ಇಟ್ಕೊಳ್ಳಿ."

"ಇದನ್ನ್ಯಾಕೆ ಎಸೆದಿಲ್ಲ ಅಣ್ಣಾ?"
ಬೆಳಕು ಇತ್ತ ಹಿಡಿ, ಗೆರೆ ಒಣಗುತ್ತೆ, ಎಂದೆ.
ನೀರು ಮಾತ್ರ ತಿಂಗಳಿಗೊಮ್ಮೆ ಬದಲಿಸುತ್ತೇನೆ,
ಅದು ಅವನಿಗೂ ಗೊತ್ತು.

ಕರೆಂಟು ಬಂದಾಗ ಕೆಂಪು ಒಂದು ಕಡೆ
ದಾರದಷ್ಟು ಮೇಲೆ ಹತ್ತಿತ್ತು.
ತಿದ್ದಬಹುದು. ನಾಳೆ ಬೆಳಿಗ್ಗೆ ಆಲೂರಿನ ಮೇಲ್ದವಡೆ ಕೊಡಬೇಕು,
ದುದ್ದದ್ದು ಕೆಳಗಿನ ಮೂರು.
ಕುಂಚ ತೊಳೆದೆ. ಚಕ್ರ ಕೂಡಿಸಿ,
ಮೇಜಿನ ಮೇಲಿಟ್ಟು, ಬೆರಳು ಬಿಟ್ಟೆ.
ಬಾಲ ಒಮ್ಮೆ ಅಲುಗಿತು,
ಮೂತಿ ಊರಿತು.